ಚೀಟಿಯಿಂದ ವರದಿಯವರೆಗೆ: ನಿಮ್ಮ ಅಂಗಡಿಗೊಂದು ಮಾಹಿತಿ ವ್ಯವಸ್ಥೆ ಕಟ್ಟುವ ಕ್ರಮ

ಚಿಕ್ಕಮಗಳೂರಿನ ಗೊಬ್ಬರದ ಅಂಗಡಿಯವರಿಂದ ಹಿಡಿದು ಸಕಲೇಶಪುರದಲ್ಲಿ ಹೋಂಸ್ಟೇ ನಡೆಸುವವರವರೆಗೆ ಓದುಗರು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ನಮ್ಮ ವ್ಯಾಪಾರಕ್ಕೆ ಯಾವ ಸಾಫ್ಟ್‌ವೇರ್ ಹಾಕಿಸಿದರೆ ಒಳ್ಳೆಯದು?" ನೇರವಾಗಿ ಉತ್ತರಿಸಲು ನಾನು ಹಿಂಜರಿಯುವುದಕ್ಕೆ ಕಾರಣವಿದೆ. ಏಳು ಹಂತಗಳ ಕೆಲಸದಲ್ಲಿ ಇದು ನಾಲ್ಕನೆಯ ಹಂತದಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲ ಮೂರನ್ನು ಬಿಟ್ಟು ಅಲ್ಲಿಗೇ ಹೋದವರು ಒಂದು ಸೀಸನ್ ಕಳೆಯುವಷ್ಟರಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ಮತ್ತೆ ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು, ನಿಜವಾದ ಲೆಕ್ಕವನ್ನು ಅದರಲ್ಲೇ ಬರೆಯುತ್ತಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

ವಿವರಣೆಗೆ ಅನುಕೂಲವಾಗಲೆಂದು ಇಡೀ ಲೇಖನಕ್ಕೆ ಒಂದೇ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದು ಚಿಕ್ಕಮಗಳೂರಿನಲ್ಲಿದೆ. ವರ್ಷವಿಡೀ ರಸಗೊಬ್ಬರ ಮತ್ತು ಕೀಟನಾಶಕಗಳನ್ನು ನಗದಿಗೂ ಸಾಲಕ್ಕೂ ಮಾರುತ್ತದೆ. ಸೀಸನ್‌ನಲ್ಲಿ ಅದೇ ಬೆಳೆಗಾರರಿಂದ ಕಾಫಿ ಮತ್ತು ಕಾಳುಮೆಣಸು ಕೊಳ್ಳುತ್ತದೆ. ಮಾಲೀಕರು, ಒಬ್ಬ ಗುಮಾಸ್ತರು, ಗೋದಾಮಿನಲ್ಲಿ ಇಬ್ಬರು, ಇಷ್ಟೇ ಸಿಬ್ಬಂದಿ.

ಮೊದಲು ನಾಲ್ಕು ಪದಗಳು

ಮಾಹಿತಿ ವ್ಯವಸ್ಥೆ ಎಂದರೆ ಕಂಪ್ಯೂಟರ್ ಎಂದು ತಿಳಿಯಬೇಡಿ. ಸಂಜೆ ಹಾಲಿನ ಡೈರಿಯ ಮುಂದೆ ಹತ್ತು ನಿಮಿಷ ನಿಂತರೆ ಅದರ ಎಲ್ಲ ಅಂಗಗಳೂ ಕಣ್ಣಿಗೆ ಬೀಳುತ್ತವೆ. ಹಾಲು ಹಾಕಲು ಬಂದವರು ತಮ್ಮ ಸದಸ್ಯ ಸಂಖ್ಯೆ ಹೇಳುತ್ತಾರೆ. ಯಂತ್ರ ಹಾಲಿನ ಪ್ರಮಾಣವನ್ನೂ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಅನ್ನೂ, ಅಂದರೆ ಜಿಡ್ಡಿನಂಶ ಮತ್ತು ಜಿಡ್ಡಲ್ಲದ ಘನಾಂಶವನ್ನೂ ಅಳೆಯುತ್ತದೆ. ದರಪಟ್ಟಿಯ ಪ್ರಕಾರ ಹಣ ಲೆಕ್ಕವಾಗಿ ಚೀಟಿ ಬರುತ್ತದೆ. ಅಳೆದ ಅಂಕಿಗಳು ದತ್ತಾಂಶ. ಅವುಗಳನ್ನು ಲೆಕ್ಕ ಹಾಕಿ ಒಬ್ಬರ ನಿರ್ಧಾರಕ್ಕೆ ಬಳಕೆಯಾಗುವಂತೆ ಮಾಡಿದರೆ ಅದು ಮಾಹಿತಿ. "ಈ ವಾರ ನನ್ನ ಹಸುವಿನ ಫ್ಯಾಟ್ ಇಳಿದಿದೆ" ಎಂಬುದು ಅಂಥದ್ದು. ಯಂತ್ರ, ತಂತ್ರಾಂಶ, ದತ್ತಾಂಶ, ಜನ ಮತ್ತು ಕೆಲಸ ನಡೆಯುವ ಕ್ರಮ, ಈ ಐದೂ ಸೇರಿದರೆ ವ್ಯವಸ್ಥೆ. ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳ ಹಾಲು ಸಂಘಗಳು ಹಾಸನ ಹಾಲು ಒಕ್ಕೂಟದ ಅಡಿ ಬರುತ್ತವೆ. ಹಳ್ಳಿಯ ಈ ಚೀಟಿಗಳ ಮೊತ್ತವೇ ಮುಂದೆ ಎಷ್ಟು ಹಾಲು ಬರಲಿದೆ ಎಂಬ ಅಂದಾಜಿಗೆ ಬುನಾದಿ.

ಪಠ್ಯಪುಸ್ತಕಗಳು ಇದನ್ನೇ ಮೂರು ಮೆಟ್ಟಿಲುಗಳಾಗಿ ವಿವರಿಸುತ್ತವೆ. ಪ್ರತಿಯೊಂದು ವ್ಯವಹಾರವನ್ನೂ ನಡೆದಂತೆಯೇ ದಾಖಲಿಸುವುದು ಮೊದಲನೆಯದು. ಆ ದಾಖಲೆಗಳನ್ನು ಒಟ್ಟುಗೂಡಿಸಿ ವಾರದ, ತಿಂಗಳ ವರದಿ ಕೊಡುವ ಎಂಐಎಸ್, ಅಂದರೆ ನಿರ್ವಹಣಾ ಮಾಹಿತಿ ವ್ಯವಸ್ಥೆ ಎರಡನೆಯದು. "ಹೀಗೆ ಮಾಡಿದರೆ ಏನಾದೀತು" ಎಂದು ಲೆಕ್ಕ ಹಾಕಿ ನೋಡಲು ನೆರವಾಗುವ ನಿರ್ಧಾರ ಬೆಂಬಲ ವ್ಯವಸ್ಥೆ ಮೂರನೆಯದು. ಸಣ್ಣ ವ್ಯಾಪಾರಕ್ಕೆ ಮೊದಲೆರಡು ಗಟ್ಟಿಯಾಗಿದ್ದರೆ ಸಾಕು. ಮೂರನೆಯದನ್ನು ನಿಮ್ಮ ತಲೆಯೇ ಮಾಡುತ್ತದೆ.

ಇನ್ನೊಂದು ಮಾತು. ಕಾಫಿ ತೋಟದ ರೈಟರು ದಿನವೂ ತುಂಬುವ ಚೆಕ್‌ರೋಲ್ ಪುಸ್ತಕ, ಅಂದರೆ ಯಾವ ಆಳು ಯಾವ ಕೆಲಸಕ್ಕೆ ಬಂದರು ಎಂಬ ಹಾಜರಿ, ಕರೆಂಟೇ ಬೇಡದ ಒಳ್ಳೆಯ ಮಾಹಿತಿ ವ್ಯವಸ್ಥೆ. ನಿಮ್ಮ ಅಂಗಡಿಯ ಹಳೆಯ ಪುಸ್ತಕವನ್ನೂ ತಾತ್ಸಾರ ಮಾಡಬೇಡಿ. ಅದರಲ್ಲಿ ಯಾವ ಕಾಲಂಗಳಿವೆ, ಅಂಚಿನಲ್ಲಿ ಏನೇನು ಗುರುತು ಹಾಕಿದ್ದೀರಿ ಎಂಬುದೇ ಮುಂದಿನ ಕೆಲಸಕ್ಕೆ ನಕ್ಷೆ.

ಹಂತ 1: ಉತ್ತರ ಬೇಕಾದ ಪ್ರಶ್ನೆಗಳನ್ನು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು, ಈಗ ಪುಸ್ತಕ ತಿರುವಿ ಹಾಕಿದರೂ ಬೇಗ ಉತ್ತರ ಸಿಗದ ಪ್ರಶ್ನೆಗಳನ್ನು ಬರೆಯಿರಿ. ನಮ್ಮ ಉದಾಹರಣೆಯ ಅಂಗಡಿಗೆ ಅವು ಹೀಗಿರಬಹುದು: ಯಾರು ಎಷ್ಟು ದಿನದಿಂದ ಎಷ್ಟು ಬಾಕಿ ಉಳಿಸಿಕೊಂಡಿದ್ದಾರೆ? ಗೋದಾಮಿನಲ್ಲಿರುವ ಕಾಫಿಯಲ್ಲಿ ದರ ಮುರಿದು, ಅಂದರೆ ದರ ಗೊತ್ತುಮಾಡಿ ಕೊಂಡದ್ದೆಷ್ಟು, ದರ ಆಗದೆ ಬೆಳೆಗಾರರ ಹೆಸರಿನಲ್ಲಿ ಇಟ್ಟುಕೊಂಡದ್ದೆಷ್ಟು? ಅವಧಿ ಮುಗಿಯುತ್ತಿರುವ ಕೀಟನಾಶಕ ಯಾವುದು? ಹಾಳೆಯಲ್ಲಿ ಹತ್ತಕ್ಕಿಂತ ಹೆಚ್ಚು ಪ್ರಶ್ನೆಗಳಿದ್ದರೆ ಹೊಡೆದುಹಾಕುತ್ತಾ ಬನ್ನಿ. ಯಾವ ಉತ್ತರ ಸಿಕ್ಕರೂ ನೀವು ಮಾಡುವ ಕೆಲಸದಲ್ಲಿ ವ್ಯತ್ಯಾಸವಾಗುವುದಿಲ್ಲವೋ ಆ ಪ್ರಶ್ನೆಗಾಗಿ ದತ್ತಾಂಶ ಕೂಡಿಡುವುದು ಗುಮಾಸ್ತರ ಸಮಯಕ್ಕೆ ದಂಡ.

ಹಂತ 2: ಚೀಟಿಯ ಹಿಂದೆ ನಡೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹೆಚ್ಚು ಸಮಯ ಕೊಡಬೇಕಾದದ್ದೂ ಇದಕ್ಕೇ. ಒಂದು ವ್ಯವಹಾರ ಶುರುವಾದಲ್ಲಿಂದ ಹಣ ಕೈಬದಲಾಗುವವರೆಗೆ ಅದರ ಜೊತೆಯಲ್ಲೇ ನಡೆದು, ಪ್ರತಿ ನಿಲುಗಡೆಯಲ್ಲೂ "ಯಾರು, ಯಾವಾಗ, ಎಲ್ಲಿ ಬರೆದರು" ಎಂದು ಗುರುತು ಮಾಡಿಕೊಳ್ಳಿ.

ಫೆಬ್ರವರಿಯ ಒಂದು ಸಂಜೆ ಪಿಕಪ್‌ನಲ್ಲಿ 12 ಚೀಲ ರೋಬಸ್ಟಾ ಚೆರ್ರಿ, ಅಂದರೆ ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ ಕಾಫಿ ಬಂತು ಎಂದುಕೊಳ್ಳಿ. ತೂಕದ ಹತ್ತಿರ ಇರುವವರು ಚೀಲದ ಲೆಕ್ಕ ಮತ್ತು ತೂಕವನ್ನು ಚೀಟಿಯ ಮೇಲೆ ಬರೆಯುತ್ತಾರೆ. ಮಾಪಕದಲ್ಲಿ ತೇವಾಂಶ ನೋಡಿ, ಸಂಖ್ಯೆಯನ್ನು ಅದೇ ಚೀಟಿಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆಯುತ್ತಾರೆ. ಮಾದರಿ ತೆಗೆದು ಔಟ್‌ಟರ್ನ್ ನೋಡುತ್ತಾರೆ. ಔಟ್‌ಟರ್ನ್, ಅಂದರೆ ವ್ಯಾಪಾರದವರ ಬಾಯಲ್ಲಿ ಓಟಿ, 50 ಕೆ.ಜಿ. ಚೀಲದಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆ.ಜಿ. ಬೇಳೆ ಸಿಗುತ್ತದೆ ಎಂಬ ಸಂಖ್ಯೆ. ಬೆಳೆಗಾರರು "ದರ ಇವತ್ತು ಬೇಡ, ಹದಿನೈದು ದಿನ ನೋಡೋಣ" ಎಂದು ಹೇಳಿ ಹೊರಡುತ್ತಾರೆ. ಚೀಟಿ ಗುಮಾಸ್ತರ ಮೇಜಿನ ಮೊಳೆಗೆ ಸೇರುತ್ತದೆ. ಮರುದಿನ ಅವರು ಪುಸ್ತಕಕ್ಕೆ ಏರಿಸುವಾಗ ತೂಕ ಬರೆಯುತ್ತಾರೆ, ಪೆನ್ಸಿಲ್‌ನ ಸಂಖ್ಯೆ ಚೀಟಿಯಲ್ಲೇ ಉಳಿಯುತ್ತದೆ.

ಈಗ ಲೆಕ್ಕ ನೋಡಿ. ಓಟಿ 27 ಎಂದಿದ್ದರೆ 12 ಚೀಲಕ್ಕೆ 324 ಕೆ.ಜಿ. ಬೇಳೆ, ಅದು 26 ಎಂದು ದಾಖಲಾದರೆ 312 ಕೆ.ಜಿ. ಬೇಳೆಗೆ ಕೆ.ಜಿ.ಗೆ 400 ರೂಪಾಯಿ ಎಂದು ಉದಾಹರಣೆಗೆ ಹಿಡಿದರೂ ವ್ಯತ್ಯಾಸ 4,800 ರೂಪಾಯಿ. ಹದಿನೈದು ದಿನದ ನಂತರ ಬೆಳೆಗಾರರು ಬಂದು "ಅವತ್ತು 27 ಅಂದಿದ್ದಿರಿ" ಎಂದಾಗ ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ. ಎಷ್ಟು ದುಬಾರಿ ಸಾಫ್ಟ್‌ವೇರ್ ಇದ್ದರೂ ಈ ತೊಂದರೆ ತಪ್ಪದು. ಸಂಖ್ಯೆ ಹುಟ್ಟಿದ ಜಾಗಕ್ಕೂ ಅದು ದಾಖಲಾದ ಜಾಗಕ್ಕೂ ನಡುವೆ ಒಂದು ರಾತ್ರಿ ಮತ್ತು ಒಂದು ಮೊಳೆ ಇವೆ.

ಆದ್ದರಿಂದ ಈ ಹಂತದಲ್ಲಿ ಮೂರು ತೀರ್ಮಾನ ಮಾಡಿ. ಮೊದಲನೆಯದಾಗಿ, ಚೀಟಿಗಳಿಗೆ ಕ್ರಮಸಂಖ್ಯೆ ಮುದ್ರಿಸಿ ಕಾರ್ಬನ್ ಪ್ರತಿ ಇರುವ ಪುಸ್ತಕ ಮಾಡಿಸಿ. ಒಂದು ಬೆಳೆಗಾರರಿಗೆ, ಒಂದು ನಿಮಗೆ. ಎರಡನೆಯದಾಗಿ, ತೂಕ, ತೇವಾಂಶ, ಓಟಿ ಮೂರಕ್ಕೂ ಚೀಟಿಯಲ್ಲಿ ಮುದ್ರಿತ ಜಾಗವಿರಲಿ. ಖಾಲಿ ಬಿಟ್ಟರೆ ಎದ್ದು ಕಾಣಬೇಕು. ಮೂರನೆಯದಾಗಿ, ಅಳೆದವರೇ ಬರೆದು ಸಹಿ ಮಾಡಲಿ. ಅದೇ ದಿನ ಅಂಗಡಿ ಮುಚ್ಚುವ ಮೊದಲು ದಾಖಲೆ ಮುಗಿಯಲಿ.

ಗೊಬ್ಬರದ ಕಡೆಯ ದಾರಿಯನ್ನೂ ಇದೇ ರೀತಿ ನಡೆದು ನೋಡಿ. ಅಲ್ಲಿ ಇನ್ನೊಂದು ತೊಡಕಿದೆ. ಸಬ್ಸಿಡಿ ಗೊಬ್ಬರವನ್ನು ಪಿಒಎಸ್ ಯಂತ್ರದ, ಅಂದರೆ ಕೌಂಟರಿನಲ್ಲೇ ಮಾರಾಟ ದಾಖಲಿಸುವ ಯಂತ್ರದ ಮೂಲಕ ಮಾರುವ ಪದ್ಧತಿ 2018ರ ಹೊತ್ತಿಗೆ ದೇಶದಾದ್ಯಂತ ಬಂತು. ಆ ಯಂತ್ರದಲ್ಲಿ ಮಾರಾಟ ದಾಖಲಾದ ಆಧಾರದ ಮೇಲೆ ತಯಾರಕ ಕಂಪನಿಗೆ ಸಬ್ಸಿಡಿ ಬಿಡುಗಡೆಯಾಗುತ್ತದೆ. ಅಂದರೆ ನಿಮ್ಮ ಕೌಂಟರಿನ ಆ ಪುಟ್ಟ ಯಂತ್ರ ಸರ್ಕಾರದ ದೊಡ್ಡ ಮಾಹಿತಿ ವ್ಯವಸ್ಥೆಯ ತುದಿ. ನಿಮ್ಮ ಬಿಲ್ಲಿನ ದಾಸ್ತಾನು, ಯಂತ್ರದ ದಾಸ್ತಾನು, ಗೋದಾಮಿನ ದಾಸ್ತಾನು ಎಂಬ ಮೂರು ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗಬೇಕು. ಜನ ಹೆಚ್ಚಿದ್ದಾಗ "ಯಂತ್ರದಲ್ಲಿ ಆಮೇಲೆ ಹಾಕೋಣ" ಎಂದು ಚೀಲ ಕೊಟ್ಟು ಕಳಿಸುವ ಅಭ್ಯಾಸವಿದ್ದರೆ ಅದನ್ನು ಮೊದಲು ನಿಲ್ಲಿಸಿ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ ಚೀಲ 50 ಕೆ.ಜಿ. ಎಂಬುದನ್ನೂ ಮರೆಯಬೇಡಿ, ಎಲ್ಲ ಚೀಲಕ್ಕೂ 50 ಎಂದು ಗುಣಿಸಿ ಟನ್ ಲೆಕ್ಕ ತಪ್ಪುವುದು ಸಾಮಾನ್ಯ.

ಹಂತ 3: ಹೆಸರುಗಳ ಮೂಲಪಟ್ಟಿ

ಪದೇ ಪದೇ ಬಳಕೆಯಾಗುವ ಗ್ರಾಹಕ, ಸರಕು, ಗೋದಾಮು ಮುಂತಾದವುಗಳ ಶಾಶ್ವತ ವಿವರಕ್ಕೆ ಸಾಫ್ಟ್‌ವೇರ್‌ನವರು ಮಾಸ್ಟರ್ ಎನ್ನುತ್ತಾರೆ. ನಾವು ಮೂಲಪಟ್ಟಿ ಎನ್ನೋಣ. ಇಲ್ಲಿನ ನಿಯಮ ಸರಳ: ಒಬ್ಬರಿಗೆ ಒಂದೇ ನಮೂದು, ಒಂದೇ ಸಂಕೇತ.

ನಮ್ಮ ಕಡೆ ಇದು ಹೇಳಿದಷ್ಟು ಸುಲಭವಲ್ಲ. ಒಂದೇ ಹೋಬಳಿಯಲ್ಲಿ ಐದು ಜನ ಮಂಜೇಗೌಡರಿರುತ್ತಾರೆ. ಒಬ್ಬರೇ ಮಂಜೇಗೌಡರು ಪುಸ್ತಕದಲ್ಲಿ ಊರಿನ ಹೆಸರಿನೊಂದಿಗೆ ಒಮ್ಮೆ, ಮನೆತನದ ಹೆಸರಿನೊಂದಿಗೆ ಇನ್ನೊಮ್ಮೆ, "ಮಗನ ಕೈಲಿ" ಎಂದು ಮತ್ತೊಮ್ಮೆ ಇರುತ್ತಾರೆ. ಹೆಸರು, ತಂದೆಯ ಹೆಸರು, ಊರು, ಮೊಬೈಲ್ ಸಂಖ್ಯೆ ಈ ನಾಲ್ಕನ್ನೂ ತೆಗೆದುಕೊಂಡು, ಅದರ ಮೇಲೆ ನಿಮ್ಮದೇ ಒಂದು ಗ್ರಾಹಕ ಸಂಖ್ಯೆ ಕೊಡಿ. ಡೈರಿಯ ಸದಸ್ಯ ಸಂಖ್ಯೆಯಂತೆ ಅದು ಬದಲಾಗಬಾರದು. ಮೊಬೈಲ್ ಸಂಖ್ಯೆಯನ್ನೇ ಗ್ರಾಹಕ ಸಂಖ್ಯೆ ಮಾಡಬೇಡಿ. ಸಿಮ್ ಬದಲಾಗುತ್ತದೆ, ಕೆಲವು ಮನೆಗಳಲ್ಲಿ ಇಬ್ಬರಿಗೆ ಒಂದೇ ಸಂಖ್ಯೆ ಇರುತ್ತದೆ.

ನಮ್ಮ ಅಂಗಡಿಯಂಥ ಕಡೆ ಇದಕ್ಕಿಂತ ದೊಡ್ಡ ಹಳ್ಳವೊಂದಿದೆ. ಜೂನ್‌ನಲ್ಲಿ ಗೊಬ್ಬರವನ್ನು ಸಾಲಕ್ಕೆ ಒಯ್ದವರೇ ಫೆಬ್ರವರಿಯಲ್ಲಿ ಕಾಫಿ ತರುತ್ತಾರೆ. ಲೆಕ್ಕದ ಭಾಷೆಯಲ್ಲಿ ಮೊದಲನೆಯದರಲ್ಲಿ ಅವರು ನಿಮಗೆ ಕೊಡಬೇಕಾದವರು, ಎರಡನೆಯದರಲ್ಲಿ ನೀವು ಅವರಿಗೆ ಕೊಡಬೇಕಾದವರು. ಗುಮಾಸ್ತರು ಎರಡು ಬೇರೆ ಗುಂಪುಗಳಲ್ಲಿ ಎರಡು ಖಾತೆ ತೆರೆದುಬಿಟ್ಟರೆ, ಕಾಫಿಯ ಹಣ ಪೂರ್ತಿ ಕೊಟ್ಟು ಕಳಿಸಿದ ಮೇಲೆ ಗೊಬ್ಬರದ ಬಾಕಿ ನೆನಪಾಗುತ್ತದೆ. ಒಬ್ಬರಿಗೆ ಒಂದೇ ಖಾತೆ ಇಡಿ. ಅದು ಸಾಧ್ಯವಾಗದ ಸಾಫ್ಟ್‌ವೇರ್ ಆಗಿದ್ದರೆ ಎರಡು ಖಾತೆಗೂ ಒಂದೇ ಗ್ರಾಹಕ ಸಂಖ್ಯೆ ಹಾಕಿ, ಹಣ ಪಾವತಿಸುವ ಮುನ್ನ ಆ ಸಂಖ್ಯೆಯಿಂದ ಹುಡುಕುವುದನ್ನು ಕಡ್ಡಾಯ ಮಾಡಿ.

ಕನ್ನಡದಲ್ಲಿ ಹೆಸರು ಟೈಪ್ ಮಾಡುವವರಿಗೆ ಎರಡು ಎಚ್ಚರಿಕೆಗಳಿವೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಟ್ಟಿ ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಬೇರೆ ಅಕ್ಷರಗಳಾಗಿ ಕುಳಿತಿರುತ್ತದೆ. ಅದನ್ನು ವಿಂಗಡಿಸಲೂ ಹುಡುಕಲೂ ಆಗುವುದಿಲ್ಲ. ಪಟ್ಟಿಯ ಒಂದು ಸಾಲನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ ನೋಡಿ: ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ, ಅರ್ಥವಿಲ್ಲದ ಗುರುತುಗಳು ಬಂದರೆ ಮೊದಲು ಪರಿವರ್ತಿಸಿಕೊಳ್ಳಿ. ಎರಡನೆಯದು, ಅನುಸ್ವಾರದ ಬದಲಿಗೆ ಕನ್ನಡದ ಸೊನ್ನೆಯನ್ನು ಒತ್ತುವ ಅಭ್ಯಾಸ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ "ಮಂಜೇಗೌಡ" ಮತ್ತು "ಮ೦ಜೇಗೌಡ" ಇಬ್ಬರು ಬೇರೆ ಮನುಷ್ಯರು.

ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳ ಸಂಖ್ಯೆ ಬರೆಯುವಾಗ ಅದು 15 ಅಂಕಿ-ಅಕ್ಷರಗಳದ್ದು, ಕರ್ನಾಟಕದಲ್ಲಿ ನೋಂದಣಿಯಾಗಿದ್ದರೆ 29ರಿಂದ ಆರಂಭವಾಗುತ್ತದೆ, ಮುಂದಿನ ಹತ್ತು ಅವರ ಪ್ಯಾನ್ ಸಂಖ್ಯೆ ಎಂಬುದನ್ನು ನೋಡಿಕೊಂಡರೆ ಅರ್ಧದಷ್ಟು ತಪ್ಪು ಅಲ್ಲೇ ಸಿಗುತ್ತದೆ.

ಹಂತ 4: ಈಗ ಸಾಫ್ಟ್‌ವೇರ್

ನಾಲ್ಕು ಕೋಣೆಯ ಹೋಂಸ್ಟೇಗೆ ಒಂದು ಎಕ್ಸೆಲ್ ಹಾಳೆ ಧಾರಾಳವಾಗಿ ಸಾಕು. ನಾಚಿಕೆಪಡಬೇಕಾದದ್ದು ಏನೂ ಇಲ್ಲ. ಆದರೆ ಎಕ್ಸೆಲ್‌ನಲ್ಲಿ 5/3 ಎಂದು ಹೊಡೆದರೆ ಕಂಪ್ಯೂಟರಿನ ಹೊಂದಾಣಿಕೆಗೆ ತಕ್ಕಂತೆ ಅದು ಮಾರ್ಚ್ 5 ಆಗಬಹುದು, ಮೇ 3 ಆಗಬಹುದು. ಮೊದಲೇ ದಿನಾಂಕದ ರೂಪವನ್ನು ಭಾರತದ್ದಕ್ಕೆ ಹೊಂದಿಸಿಕೊಳ್ಳಿ. ಇಬ್ಬರು ಒಟ್ಟಿಗೆ ಬರೆಯಬೇಕಾದಾಗ, ದಾಸ್ತಾನು ಮತ್ತು ಬಾಕಿ ಎರಡೂ ಒಟ್ಟಿಗೆ ಬದಲಾಗಬೇಕಾದಾಗ ಎಕ್ಸೆಲ್ ಸಾಲದು.

ನಮ್ಮ ಉದಾಹರಣೆಯ ಅಂಗಡಿ ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿಯಂಥ ಲೆಕ್ಕಪತ್ರದ ಸಾಫ್ಟ್‌ವೇರ್ ಕೊಳ್ಳಬಹುದು, ಕಾಫಿ ವ್ಯಾಪಾರಕ್ಕೆಂದೇ ಮಾಡಿದ್ದನ್ನೂ ನೋಡಬಹುದು. ಹೆಸರು ಯಾವುದಾದರೂ ಆಗಲಿ, ಮಾರುವವರು ತಂದ ಮಾದರಿ ಅಂಕಿಗಳಲ್ಲಿ ಪ್ರದರ್ಶನ ನೋಡಬೇಡಿ. ಹಿಂದಿನ ಸೀಸನ್‌ನ ನಿಮ್ಮದೇ ಇಪ್ಪತ್ತು ಚೀಟಿಗಳನ್ನು ಮುಂದಿಟ್ಟು, ನಿಮ್ಮ ಗುಮಾಸ್ತರ ಕೈಯಿಂದಲೇ ದಾಖಲಿಸಲು ಹೇಳಿ. ಆ ಇಪ್ಪತ್ತರಲ್ಲಿ ದರ ಆಗದೆ ಇಟ್ಟುಹೋದ ಕಾಫಿಯ ಚೀಟಿಗಳು ಇರಲೇಬೇಕು. ಸಾಮಾನ್ಯ ಬಿಲ್ಲಿಂಗ್ ಸಾಫ್ಟ್‌ವೇರ್ ದರವಿಲ್ಲದೆ ಖರೀದಿಯನ್ನು ಒಪ್ಪುವುದಿಲ್ಲ. ಆಗ ಗುಮಾಸ್ತರು ಒಂದು ರೂಪಾಯಿ ಎಂದು ಹಾಕಿ ಮುಂದೆ ಹೋಗುತ್ತಾರೆ, ವರ್ಷದ ಕೊನೆಗೆ ದಾಸ್ತಾನಿನ ಬೆಲೆ ಹಾಳಾಗಿರುತ್ತದೆ. ಸರಕು ಬಂದದ್ದನ್ನು ಮಾತ್ರ ದಾಖಲಿಸಿ, ದರ ಮುರಿದ ದಿನ ಅದನ್ನು ಖರೀದಿಯಾಗಿಸುವ ಸೌಲಭ್ಯ ಇದೆಯೇ ಎಂದು ಕೇಳಿ. ಟ್ಯಾಲಿಯಲ್ಲಿ ಇದಕ್ಕೆ ರಿಸೀಟ್ ನೋಟ್ ಎನ್ನುತ್ತಾರೆ.

ಇನ್ನು ಮೂರು ಪ್ರಶ್ನೆಗಳು: ಇಂಟರ್ನೆಟ್ ಇಲ್ಲದಾಗ ಬಿಲ್ ಆಗುತ್ತದೆಯೇ? ನಾಳೆ ನಿಮ್ಮ ಸಾಫ್ಟ್‌ವೇರ್ ಬಿಟ್ಟರೆ ನನ್ನ ಅಷ್ಟೂ ದತ್ತಾಂಶವನ್ನು ಎಕ್ಸೆಲ್ ರೂಪದಲ್ಲಿ ಕೊಡುತ್ತೀರಾ? ಎರಡನೆಯ ವರ್ಷದಿಂದ ಕಟ್ಟಬೇಕಾದ ಮೊತ್ತವೆಷ್ಟು? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ.

ಹಂತ 5: ಆರಂಭಿಕ ಬಾಕಿ ಮತ್ತು ಜೋಡಿ ದಾಖಲೆ

ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ ಶುರು. ಹಾಗಾಗಿ ಹೊಸ ವ್ಯವಸ್ಥೆಯನ್ನು ಡಿಸೆಂಬರ್‌ನಲ್ಲಿ ಆರಂಭಿಸುವುದು ಮಳೆಯಲ್ಲಿ ಹೆಂಚು ಬದಲಿಸಿದ ಹಾಗೆ. ಜುಲೈ-ಆಗಸ್ಟ್‌ನಲ್ಲಿ ಮೂಲಪಟ್ಟಿ ಸಿದ್ಧಮಾಡಿ, ಸೆಪ್ಟೆಂಬರ್‌ನ ಗೊಬ್ಬರದ ಮಾರಾಟದಿಂದ ದಾಖಲೆ ಶುರುಮಾಡಿದರೆ ಕಾಫಿ ಬರುವ ಹೊತ್ತಿಗೆ ಕೈ ಪಳಗಿರುತ್ತದೆ. ಆರಂಭದ ದಿನದ ಅಢಾವೆಯನ್ನು, ಅಂದರೆ ಎಲ್ಲ ಖಾತೆಗಳ ಬಾಕಿಗಳ ಪಟ್ಟಿಯನ್ನು, ನಿಮ್ಮ ಲೆಕ್ಕಪರಿಶೋಧಕರಿಂದ ಪಡೆದು ಏರಿಸಿ. ಗೋದಾಮನ್ನು ಅದೇ ದಿನ ಎಣಿಸಿ. ಬಾಕಿದಾರರಿಗೆ ಮೊತ್ತ ತಿಳಿಸಿ ಒಪ್ಪಿಗೆ ಪಡೆಯಲು ಇದು ತಕ್ಕ ಸಮಯ. "ಕಂಪ್ಯೂಟರಿಗೆ ಏರಿಸುತ್ತಿದ್ದೇವೆ, ಒಮ್ಮೆ ನೋಡಿಬಿಡಿ" ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲ ಆರು ವಾರ ಹಳೆಯ ಪುಸ್ತಕ, ಹೊಸ ವ್ಯವಸ್ಥೆ ಎರಡನ್ನೂ ನಡೆಸಿ. ಪ್ರತಿ ಸಂಜೆ ಎರಡರ ನಗದು ಶಿಲ್ಕು ತಾಳೆ ನೋಡಿ. ಗುಮಾಸ್ತರಿಗೆ ಇದು ಇಮ್ಮಡಿ ಕೆಲಸ, ಆದ್ದರಿಂದ ಮುಗಿಯುವ ದಿನಾಂಕವನ್ನು ಮೊದಲೇ ಗೊತ್ತುಮಾಡಿ, ಆ ದಿನ ಪುಸ್ತಕವನ್ನು ನಿಜವಾಗಿಯೂ ಮುಚ್ಚಿ. ಮುಚ್ಚದೇ ಹೋದರೆ ಎರಡೂ ಅರ್ಧಂಬರ್ಧ ಉಳಿಯುತ್ತವೆ.

ಹಂತ 6: ಕೀಲಿ, ನಕಲು, ಕರೆಂಟು

ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಅಂಗಡಿಯಲ್ಲಿ ತಪ್ಪು ಯಾರದ್ದೆಂದು ಗೊತ್ತಾಗುವುದಿಲ್ಲ. ಅನುಮಾನ ಎಲ್ಲರ ಮೇಲೂ ಬರುತ್ತದೆ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿ. ದಾಖಲಿಸುವವರಿಗೆ ಹಳೆಯ ಬಿಲ್ ಅಳಿಸುವ ಅಧಿಕಾರ ಬೇಡ. ಯಾರು ಯಾವಾಗ ಏನನ್ನು ತಿದ್ದಿದರು ಎಂದು ತೋರಿಸುವ ಎಡಿಟ್ ಲಾಗ್ ಸೌಲಭ್ಯವು ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯ. ನಿಮ್ಮದು ಸ್ವಂತ ಮಾಲೀಕತ್ವದ ಅಂಗಡಿಯಾಗಿದ್ದರೂ ಅದನ್ನು ಚಾಲೂ ಇಡುವುದು ಒಳ್ಳೆಯದು.

ಬ್ಯಾಕಪ್ ಎಂದರೆ ದತ್ತಾಂಶದ ನಕಲು. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಅಂಗಡಿಯ ಹೊರಗೆ, ಇದು ರೂಢಿಯ ನಿಯಮ. ಅಂಗಡಿಯ ಕಂಪ್ಯೂಟರಿಗೇ ಸದಾ ಚುಚ್ಚಿಟ್ಟ ಪೆನ್‌ಡ್ರೈವ್ ಲೆಕ್ಕಕ್ಕಿಲ್ಲ. ಸಿಡಿಲು ಹೊಡೆದರೆ ಅಥವಾ ವೈರಸ್ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ನನ್ನದೇ ಒಂದು ಮುಂಗಾರಿನ ಅನುಭವವಿದು: ಎಂಟು ತಿಂಗಳು ತಪ್ಪದೆ ತೆಗೆದ ಬ್ಯಾಕಪ್ ಬೇಕಾದ ದಿನ ತೆರೆದುಕೊಳ್ಳಲಿಲ್ಲ, ಏಕೆಂದರೆ ಅದನ್ನು ಅಲ್ಲಿಯವರೆಗೆ ಒಮ್ಮೆಯೂ ತೆರೆದು ನೋಡಿರಲಿಲ್ಲ. ತಿಂಗಳಿಗೊಮ್ಮೆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ನಿನ್ನೆಯ ಒಂದು ಬಿಲ್ ಅದರಲ್ಲಿದೆಯೇ ಎಂದು ನೋಡಿ. ಮಲೆನಾಡಿನ ಮಳೆಗಾಲಕ್ಕೆ ಯುಪಿಎಸ್ ಮತ್ತು ಸರಿಯಾದ ಅರ್ತಿಂಗ್ ಎರಡೂ ಬೇಕು. ಮರ ಬಿದ್ದು ಫೈಬರ್ ತುಂಡಾದ ದಿನಕ್ಕೆಂದು ಕ್ರಮಸಂಖ್ಯೆಯ ಚೀಟಿ ಪುಸ್ತಕ ಮೇಜಿನಲ್ಲಿರಲಿ.

ಗ್ರಾಹಕರ ಆಧಾರ್ ಪ್ರತಿಗಳನ್ನು ಗುಮಾಸ್ತರ ಮೊಬೈಲ್‌ನ ವಾಟ್ಸ್‌ಆ್ಯಪ್‌ನಲ್ಲಿ ಕೂಡಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಣ್ಣ ವ್ಯಾಪಾರಿಗಳನ್ನೂ ಉದ್ದೇಶಿಸಿದ್ದು. ಅಗತ್ಯವಿಲ್ಲದ್ದನ್ನು ಕೇಳದಿರುವುದೇ ಸುಲಭದ ಪಾಲನೆ. ಯುಪಿಐ ಹಣಕ್ಕೆ ಸ್ಕ್ರೀನ್‌ಶಾಟ್ ನಂಬದೆ, ನಿಮ್ಮ ಖಾತೆಗೆ ಬಂದದ್ದನ್ನು ನೋಡಿ, 12 ಅಂಕಿಯ ವಹಿವಾಟು ಸಂಖ್ಯೆಯನ್ನು ರಸೀದಿಯಲ್ಲಿ ದಾಖಲಿಸಿ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಂತ 7: ವರದಿಯನ್ನು ಓದುವ ದಿನ

ತಿಂಗಳ ಕ್ಯಾಲೆಂಡರನ್ನು ಜಿಎಸ್‌ಟಿಯೇ ಬಹಳಷ್ಟು ಹಾಕಿಕೊಟ್ಟಿದೆ. ತಿಂಗಳ ವಿವರ ಸಲ್ಲಿಸುವವರಿಗೆ ಮಾರಾಟದ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ರೊಳಗೆ. ನಿಮಗೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿಯಾದ 2ಬಿ 14ರಂದು ಸಿದ್ಧವಾಗುತ್ತದೆ. ತೆರಿಗೆ ಕಟ್ಟುವ 3ಬಿ 20ರೊಳಗೆ. 14 ಮತ್ತು 20ರ ನಡುವೆ 2ಬಿಯನ್ನು ನಿಮ್ಮ ಖರೀದಿ ದಾಖಲೆಯೊಂದಿಗೆ ತಾಳೆ ನೋಡಿ, ಬಿಟ್ಟುಹೋದ ಬಿಲ್‌ಗಾಗಿ ಡೀಲರಿಗೆ ಫೋನ್ ಮಾಡಿ. ಅದರಲ್ಲಿ ಕಾಣದ ಬಿಲ್ಲಿನ ತೆರಿಗೆ ನಿಮಗೆ ಜಮೆಯಾಗುವುದಿಲ್ಲ. ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಸುವ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಸಾಫ್ಟ್‌ವೇರ್ ಬದಲಿಸುವಾಗ ಹಳೆಯದನ್ನು ಅಳಿಸಿಹಾಕುವ ಮುನ್ನ ಇದನ್ನು ನೆನಪಿಡಿ.

ಇದರ ಜೊತೆಗೆ ವಾರದಲ್ಲಿ ಒಂದು ದಿನ, ಅಂಗಡಿ ಬಾಗಿಲು ಅರ್ಧ ಎಳೆದ ಮೇಲೆ ಅರ್ಧ ಗಂಟೆ ನಿಮ್ಮದಾಗಿರಲಿ. ಮೂರು ಪಟ್ಟಿಗಳನ್ನು ಮುದ್ರಿಸಿಕೊಳ್ಳಿ: 90 ದಿನ ದಾಟಿದ ಬಾಕಿಗಳು, ದರ ಆಗದ ಕಾಫಿ ಯಾರದ್ದು ಎಷ್ಟು, ಮತ್ತು ಮುಂದಿನ ಮೂರು ತಿಂಗಳಲ್ಲಿ ಅವಧಿ ಮುಗಿಯುವ ಕೀಟನಾಶಕಗಳು. ಎರಡನೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಗೋದಾಮಿಗೆ ಹೋಗಿ, ಯಾವುದಾದರೂ ಐದು ಹೆಸರು ಆರಿಸಿ, ಆ ಚೀಲಗಳನ್ನು ಬೆರಳಿಟ್ಟು ಎಣಿಸಿ. ಲೆಕ್ಕ ಸರಿಯಿದ್ದರೆ ಗುರುತು ಹಾಕಿ ದಿನಾಂಕ ಬರೆಯಿರಿ; ಒಂದು ಚೀಲ ಹೆಚ್ಚು ಕಡಿಮೆ ಇದ್ದರೆ ಕಂಪ್ಯೂಟರ್ ತಿದ್ದುವ ಮೊದಲು ಆ ಚೀಟಿಯ ಕಾರ್ಬನ್ ಪ್ರತಿ ತೆಗೆಯಿರಿ.